ಮಂಗಳೂರು ಧಕ್ಕೆ ನೋಡಬೇಕೆಂದರೆ ಬೆಳಗ್ಗೆ ಐದೂವರೆಗೆ ಅಲ್ಲಿರಿ

ಒಳನಾಡಿನ ಕನ್ನಡದಲ್ಲಿ ಧಕ್ಕೆ ಎಂದರೆ ಪೆಟ್ಟು. ಮಂಗಳೂರಿನಲ್ಲಿ ಅದು ಬೋಟು ತಾಗಿ ನಿಲ್ಲುವ ಕಟ್ಟೆ. ನಿಲ್ಲಬಾರದ ಕಡೆ ನಿಂತವರಿಗೆ ಎರಡೂ ಅರ್ಥ ಒಟ್ಟಿಗೇ ತಿಳಿಯುತ್ತದೆ. ಇದು ಪ್ರವಾಸಿ ತಾಣವಲ್ಲ. ಟಿಕೆಟ್ಟೂ ಇಲ್ಲ, ದಾರಿ ತೋರಿಸುವ ಫಲಕವೂ ಇಲ್ಲ. ಮೀನು ಇಳಿಸಿ ಏಲಂ ಹಾಕುವ ಕೆಲಸ ನಡೆಯುವ ಜಾಗ, ಅಷ್ಟೇ. ಕೆಲಸದ ಹೊತ್ತಿಗೆ ಹೋಗಿ ಕೆಲಸಕ್ಕೆ ಅಡ್ಡ ಬರದೆ ನಿಂತರೆ ಯಾರೂ ಏನೂ ಅನ್ನುವುದಿಲ್ಲ.

ಮೊದಲು ತಿಂಗಳು ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಹೋದರೆ ಏಲಂ ಸಿಗುವುದಿಲ್ಲ. ಸಾಲುಸಾಲಾಗಿ ಕಟ್ಟಿ ಹಾಕಿದ ಬೋಟುಗಳು, ಹರಿದ ಬಲೆ ಸರಿಮಾಡುತ್ತ ಕೂತವರು ಕಾಣುತ್ತಾರೆ. ಆಗಸ್ಟ್ ಮೊದಲಲ್ಲಿ ಸಮುದ್ರ ಇನ್ನೂ ಜೋರಾಗಿರುತ್ತದೆ, ಬೋಟು ಹೊರಟೇ ಹೊರಡುತ್ತದೆ ಎನ್ನುವ ಖಾತರಿ ಇಲ್ಲ. ಸೆಪ್ಟೆಂಬರ್ ಕೊನೆಯಿಂದ ಮೇ ನಡುವಿನವರೆಗೆ ಯಾವಾಗ ಹೋದರೂ ನಡೆಯುತ್ತದೆ.

ಸಿಟಿ ಬಸ್ಸಿನ ಬೋರ್ಡಿನಲ್ಲಿ ‘ಸ್ಟೇಟ್ ಬ್ಯಾಂಕ್’ ಎಂದಿದ್ದರೆ ಹತ್ತಿ. ಆ ನಿಲ್ದಾಣದಿಂದ ಧಕ್ಕೆಗೆ ಕಾಲ್ನಡಿಗೆಯಲ್ಲಿ ಹದಿನೈದು ನಿಮಿಷ ಸಾಕು. ಅಷ್ಟು ಬೆಳಗ್ಗೆ ಬಸ್ ಸಿಗದಿದ್ದರೆ ರಿಕ್ಷಾ ಮಾಡಿ, ‘ಮೀನಿನ ಧಕ್ಕೆ’ ಎಂದರೆ ಸಾಕು. ಬರೀ ‘ಬಂದರು’ ಎಂದರೆ ಹಳೆ ಬಂದರಿನ ಮಂಡಿ ಬೀದಿಯಲ್ಲಿ ಇಳಿಸಿಯಾರು, ‘ಪೋರ್ಟ್’ ಎಂದರೆ ಹತ್ತು ಕಿಲೋಮೀಟರ್ ದೂರದ ಪಣಂಬೂರಿಗೇ ಕರೆದೊಯ್ದಾರು. ಅಲ್ಲಿರುವ ನವಮಂಗಳೂರು ಬಂದರಿಗೆ ಪಾಸ್ ಇಲ್ಲದೆ ಪ್ರವೇಶವಿಲ್ಲ. ಕಾರು ತರಬೇಡಿ. ಮೀನಿನ ಲಾರಿ ತಿರುಗಿಸುವ ಜಾಗದಲ್ಲಿ ನಿಲ್ಲಿಸಿ ಬಂದರೆ ಹತ್ತು ನಿಮಿಷದಲ್ಲಿ ನಿಮ್ಮ ಕಾರಿನ ಮಾಲೀಕನನ್ನು ಇಡೀ ಧಕ್ಕೆ ಹುಡುಕುತ್ತಿರುತ್ತದೆ.

ಕಾಲಿಗೆ ಹಿಡಿತವಿರುವ ರಬ್ಬರ್ ಚಪ್ಪಲಿ ಒಳ್ಳೆಯದು. ಬಟ್ಟೆಯ ಶೂ ಆದರೆ ಮೀನಿನ ನೀರು ಹೀರಿ ಎರಡು ದಿನ ನಾರುತ್ತದೆ. ಸವೆದ ಹವಾಯಿ ಚಪ್ಪಲಿಯಂತೂ ಬೇಡವೇ ಬೇಡ, ಏಕೆಂದರೆ ನೆಲದ ಮೇಲೆ ಮೀನಿನ ಲೋಳೆ, ಐಸಿನ ಚೂರು, ಡೀಸೆಲ್ ಮೂರೂ ಕಲೆತಿರುತ್ತವೆ. ಪ್ಯಾಂಟಿನ ಅಂಚು ಮಡಿಸಿಕೊಳ್ಳಿ. ಬ್ಯಾಗು ಬೆನ್ನಿಗಲ್ಲ, ಎದೆಗೆ ಹಾಕಿಕೊಳ್ಳಿ. ಕಳ್ಳರ ಭಯಕ್ಕಲ್ಲ, ತಲೆಯ ಮೇಲೆ ಬುಟ್ಟಿ ಹೊತ್ತು ಹಿಂದಿನಿಂದ ಬರುವವರಿಗೆ ಅದು ತಾಗುತ್ತದೆ.

ನಿಲ್ಲುವುದು ಎಲ್ಲಿ? ಏಲಂ ನಡೆಯುವ ಮಾಡಿನ ಕಂಬಕ್ಕೆ ಬೆನ್ನು ಕೊಟ್ಟು. ನೀರಿನಂಚಿಗೆ ಹೋಗಲೇಬೇಕೆಂದರೆ ಮೊದಲು ನೆಲ ನೋಡಿ. ಬೋಟು ಕಟ್ಟಿದ ಹಗ್ಗ ಸತ್ತ ಹಾವಿನಂತೆ ಬಿದ್ದಿರುತ್ತದೆ. ಪಕ್ಕದ ಬೋಟು ಎಂಜಿನ್ ಹಾಕಿ ಹಿಂದೆ ಸರಿದಾಗ ಅದೇ ಹಗ್ಗ ಒಂದು ಕ್ಷಣದಲ್ಲಿ ಮೊಣಕಾಲೆತ್ತರಕ್ಕೆ ಏಳುತ್ತದೆ, ನೀರು ಹಿಂಡಿಕೊಂಡು ಕಿರ್ರೆನ್ನುತ್ತದೆ. ಅದನ್ನು ದಾಟುತ್ತಾ ಕಾಲು ಆಚೆಗೊಂದು ಈಚೆಗೊಂದು ಇದ್ದವರು ನೀರಿಗೆ ಬೀಳುತ್ತಾರೆ. ಹಗ್ಗ ತುಂಡಾದರೆ ಅದು ಬಂದು ಬಡಿಯುವುದು ಕಟ್ಟಿದ ಗೂಟದ ನೇರಕ್ಕೆ, ಹಾಗಾಗಿ ಆ ನೇರದಲ್ಲಿ ಯಾವತ್ತೂ ನಿಲ್ಲಬೇಡಿ. ಒಂದಕ್ಕೊಂದು ತಾಗಿಸಿ ಕಟ್ಟಿದ ಬೋಟುಗಳ ಮೇಲೆ ಕಲಾಸಿಗಳು (ಬೋಟಿನ ಕೆಲಸಗಾರರು) ಸಲೀಸಾಗಿ ದಾಟುವುದನ್ನು ನೋಡಿ ನೀವೂ ಹೊರಡಬೇಡಿ. ಎರಡು ಬೋಟಿನ ನಡುವೆ ಸಿಕ್ಕಿದ ಕಾಲು ಉಳಿಯುವುದಿಲ್ಲ.

ಇಳಿಯುವ ಮೀನು ನೋಡಿ ಬೋಟು ಯಾವುದೆಂದು ಹೇಳಬಹುದು. ಬಂಗುಡೆ, ಬೂತಾಯಿ ಒಂದೇ ಜಾತಿ ರಾಶಿರಾಶಿಯಾಗಿ ಬಂದರೆ ಅದು ಪರ್ಸಿನ್ ಬೋಟು, ಮೀನಿನ ಹಿಂಡನ್ನೇ ಬಲೆಯಲ್ಲಿ ಸುತ್ತುವರಿದು ತಂದದ್ದು. ಮದಿಮಾಲ್, ಪಾಂಬೋಲ್, ಬೊಂಡಾಸ್ (ಸ್ಕ್ವಿಡ್), ನಂಗ್, ಏಡಿ ಹೀಗೆ ಹತ್ತು ಬಗೆ ಬೇರೆಬೇರೆ ಕ್ರೇಟಿನಲ್ಲಿ ಬಂದರೆ ಅದು ಸಮುದ್ರದ ತಳ ಗೋರುವ ಟ್ರಾಲ್ ಬೋಟು. ದೂರ ಹೋಗುವ ಟ್ರಾಲ್ ಬೋಟು ವಾರಕ್ಕೂ ಹೆಚ್ಚು ಹೊರಗಿರುತ್ತದೆ. ಅದರ ಹೊಟ್ಟೆಯಿಂದ ಮೊದಲು ಮೇಲೆ ಬರುವುದು ಕೊನೆಯ ದಿನ ಹಿಡಿದ ಮೀನು, ಅಡಿಯಲ್ಲಿರುವುದು ಮೊದಲ ದಿನದ್ದು. ಒಂದೇ ಬೋಟಿನ ಒಂದೇ ಮೀನಿಗೆ ಎರಡು ದರ ಕೂಗುವುದು ಇದಕ್ಕೇ.

ಏಲಂ ಹೆಚ್ಚಾಗಿ ಕ್ರೇಟಿನ ಲೆಕ್ಕದಲ್ಲಿ ನಡೆಯುತ್ತದೆ, ಕಿಲೋ ಲೆಕ್ಕದಲ್ಲಲ್ಲ. ಕೂಗುವವನ ಎದುರು ಕೈ ಎತ್ತಿ ಮೊಬೈಲಿನಲ್ಲಿ ಚಿತ್ರ ತೆಗೆದರೆ ಕೂಗಿದ್ದೋ ತೆಗೆದದ್ದೋ ಎಂದು ಗೊಂದಲ. ಬದಿಯಿಂದ ತೆಗೆಯಿರಿ, ಫ್ಲ್ಯಾಶ್ ಬೇಡ. ಹತ್ತಿರದಿಂದ ಮುಖ ತೆಗೆಯುವುದಾದರೆ ಕೇಳಿ ತೆಗೆಯಿರಿ. ಡ್ರೋನು ಮನೆಯಲ್ಲೇ ಇರಲಿ.

ಏಳು ಗಂಟೆಗೆ ಮೀನಿನ ಧಕ್ಕೆಯಿಂದ ಉತ್ತರಕ್ಕೆ, ನದಿ ಎಡಕ್ಕಿಟ್ಟುಕೊಂಡು ನಡೆಯಿರಿ. ಇದು ಸಮುದ್ರವಲ್ಲ, ಗುರುಪುರ ಹೊಳೆ. ಕಾಗದದಲ್ಲಿ ಫಲ್ಗುಣಿ. ಎದುರಿಗಿರುವ ಮರಳು ದಿಣ್ಣೆ ಬೆಂಗ್ರೆ, ಅದರ ಆಚೆ ಕಡಲು. ಹೊಳೆ ಬೆಂಗ್ರೆಯ ಬೆನ್ನಿಗೇ ದಕ್ಷಿಣಕ್ಕೆ ಹರಿದು ನೇತ್ರಾವತಿಯನ್ನು ಕೂಡಿ ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ಎರಡೂ ಹೊಳೆ ತಂದ ಮರಳು, ಅಲೆ ನೂಕಿದ ಮರಳು ಎಲ್ಲ ಅಲ್ಲೇ ಕೂರುತ್ತದೆ. ಭರತ ಇಳಿತದ ಅಂತರ ಇಲ್ಲಿ ಒಂದು ಮೀಟರಿಗಿಂತ ತುಸು ಹೆಚ್ಚು ಅಷ್ಟೇ, ಆದರೂ ತುಂಬಿದ ಬೋಟು ಇಳಿತದಲ್ಲಿ ಅಳಿವೆ ದಾಟಲು ಹೋದರೆ ಮರಳಿಗೆ ಕೂತುಬಿಡಬಹುದು. ದೊಡ್ಡ ಹಡಗುಗಳು ಈ ಬಂದರಿನ ಒಳಗೆ ಬಾರದೆ ಹೊರಗೇ ನಿಂತು ದೋಣಿಯಲ್ಲಿ ಸರಕು ಸಾಗಿಸುತ್ತಿದ್ದದ್ದೂ, 1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಎದ್ದದ್ದೂ ಈ ಮರಳಿನಿಂದಲೇ.

ಹಳೆ ಬಂದರಿನಲ್ಲಿ ಈಗ ಮುಖ್ಯವಾಗಿ ಕಾಣುವುದು ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು. ಮರದ ದೊಡ್ಡ ಹಡಗು, ಒಳಗೆ ಎಂಜಿನ್. ಸಿಮೆಂಟು, ಜಲ್ಲಿ, ಕಬ್ಬಿಣ, ಅಕ್ಕಿ, ತರಕಾರಿ ಎಲ್ಲ ಇದರಲ್ಲೇ ಹೋಗುತ್ತದೆ. ಮಳೆಗಾಲದಲ್ಲಿ ಈ ಓಡಾಟ ನಿಲ್ಲುತ್ತದೆ. ಹೇರುವ ಕಡೆ ಗೇಟಿನಲ್ಲಿ ಕೇಳಿಯೇ ಒಳಗೆ ಹೋಗಿ, ಬೇಡ ಎಂದರೆ ವಾದಿಸಬೇಡಿ.

ಮಂಡಿ ಬೀದಿಗಳಲ್ಲಿ ತಲೆ ಎತ್ತಿ ನಡೆಯಿರಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ನದಿದಡದ ಆವೆಮಣ್ಣು, ಸಾಗಿಸಲು ಹೊಳೆ, ಹೊರದೇಶಕ್ಕೆ ಕಳಿಸಲು ಇದೇ ಬಂದರು. ಆಮೇಲೆ ಇನ್ನೂ ಹಲವು ಕಾರ್ಖಾನೆಗಳು ಎದ್ದವು, ಈಗ ಬಹುಪಾಲು ಮುಚ್ಚಿವೆ. ಗೋದಾಮಿನ ಮಾಡು ಬಿಚ್ಚಿ ಪಕ್ಕದಲ್ಲಿ ಹೆಂಚು ಜೋಡಿಸಿಟ್ಟಿದ್ದರೆ ಒಂದನ್ನು ಮಗುಚಿ ನೋಡಿ, ಕಾರ್ಖಾನೆಯ ಹೆಸರೋ ಗುರುತೋ ಅಚ್ಚಾಗಿರುತ್ತದೆ. 1865 ಎಂದು ಕಂಡರೆ ಹೆಂಚು ಅಷ್ಟು ಹಳೆಯದೆಂದು ಹಿಗ್ಗಬೇಡಿ, ಅದು ಕಾರ್ಖಾನೆ ಹುಟ್ಟಿದ ವರ್ಷ.

ಬೆಂಗ್ರೆಗೆ ಬಂದರಿನಿಂದ ಬೋಟು ಇದೆ, ದಾಟಲು ಕೆಲವೇ ನಿಮಿಷ. ಅದು ಅಲ್ಲಿಯವರ ಬಸ್ಸು ಇದ್ದಂತೆ: ಶಾಲೆಗೆ, ಕೆಲಸಕ್ಕೆ, ಆಸ್ಪತ್ರೆಗೆ ಬರುವವರು ಅದರಲ್ಲೇ ಬರಬೇಕು. ಇಳಿಯುವವರು ಪೂರ್ತಿ ಇಳಿದ ಮೇಲೆ ಹತ್ತಿ, ನಡುವಿಗೆ ಹೋಗಿ, ಚಿಲ್ಲರೆ ಕೈಯಲ್ಲಿರಲಿ. ಆಚೆ ದಡದಿಂದ ಇಡೀ ಬಂದರು ಒಂದೇ ನೋಟಕ್ಕೆ ಸಿಗುತ್ತದೆ, ಬೆಳಗಿನ ಬಿಸಿಲು ಮಾತ್ರ ಎದುರಿಗೆ ಹೊಡೆಯುತ್ತದೆ. ಅಳಿವೆಯ ಹತ್ತಿರ ಮೊಣಕಾಲಿನಷ್ಟು ನೀರಿಗೂ ಇಳಿಯಬೇಡಿ, ಇಳಿತದ ಹೊತ್ತಿನಲ್ಲಿ ಅಲ್ಲಿನ ಸೆಳೆತಕ್ಕೆ ಈಜು ಬಲ್ಲವರೂ ಸಾಲುವುದಿಲ್ಲ. ಮಕ್ಕಳಿದ್ದರೆ ಈ ದಾರಿ ಬಿಟ್ಟು ಸುಲ್ತಾನ್ ಬತ್ತೇರಿಗೆ ಹೋಗಿ. ಟಿಪ್ಪುವಿನ ಕಾಲದ ಕಪ್ಪು ಕಲ್ಲಿನ ಕಾವಲು ಬುರುಜು ನೋಡಿ, ಅಲ್ಲಿಂದಲೇ ತಣ್ಣೀರುಬಾವಿಯ ಕಡೆಗೆ ದೋಣಿ ದಾಟಬಹುದು.

ಮೀನು ಕೊಳ್ಳುವುದು ಕೊನೆಗಿರಲಿ. ಮೊದಲೇ ಕೊಂಡು ಚೀಲ ಹಿಡಿದು ಎರಡು ಗಂಟೆ ತಿರುಗುವುದೇ ಹೆಚ್ಚಿನವರು ಮಾಡುವ ತಪ್ಪು. ಧಕ್ಕೆಗೆ ಮರಳಿ ಬಂದು, ಚಿಲ್ಲರೆ ಮಾರುವ ಹೆಂಗಸರ ಹತ್ತಿರ ‘ಕಿಲೋಗ್ ಏತ್ ಅಕ್ಕ?’ ಎಂದು ತುಳುವಿನಲ್ಲಿ ಕೇಳಿ. ದರ ಇಳಿಯುತ್ತದೆ ಎಂದಲ್ಲ, ಮಾತು ಮುಂದುವರಿಯುತ್ತದೆ. ಕಿವಿರು ಎತ್ತಿ ನೋಡಿ: ಕೆಂಪಿರಬೇಕು, ಕಂದಿರಬಾರದು. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಬೂತಾಯಿಯ ಹೊಟ್ಟೆ ಒಡೆದಿದ್ದರೆ ಬಿಡಿ.

ಬಂಗುಡೆಯ ವಿಷಯ ಬೇರೆಯೇ ಹೇಳಬೇಕು. ಐಸಿಲ್ಲದೆ ಕೆಲವು ಗಂಟೆ ಬಿಸಿಲಲ್ಲಿದ್ದರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ತಿಂದವರಿಗೆ ಮುಖ ಕೆಂಪಗಾಗಿ ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ, ಆಮೇಲೆ ಫ್ರಿಜ್ಜಿನಲ್ಲಿಟ್ಟರೂ ಇಲ್ಲ. ಅಂಜಲ್, ಟ್ಯೂನಾ ಜಾತಿಯ ಕೇದರದಂಥ ಮೀನಿಗೂ ಇದೇ ಮಾತು.

ಬೆಂಗಳೂರಿಗೆ ಒಯ್ಯುವುದಾದರೆ ಥರ್ಮಾಕೋಲ್ ಡಬ್ಬಿ ತೆಗೆದುಕೊಳ್ಳಿ. ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸು. ಹೊಟ್ಟೆ, ಕಿವಿರು ಅಲ್ಲೇ ತೆಗೆಸಿ, ಆದರೆ ಅಂಜಲನ್ನು ತುಂಡು ಮಾಡಿಸಬೇಡಿ, ಕೊಯ್ದ ಮುಖ ನೀರು ಕುಡಿದು ಸಪ್ಪೆಯಾಗುತ್ತದೆ. ಅಡಿಗೆ ಐಸು, ಮೇಲೆ ಒಂದು ಪದರ ಮೀನು, ಮತ್ತೆ ಐಸು, ಹೀಗೆ ತುಂಬಿ ಮೇಲ್ಪದರ ಐಸೇ ಇರಲಿ. ಬೊಂಡಾಸನ್ನು ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸಿನ ನಡುವೆ ಇಡಿ, ಐಸು ನೇರ ತಾಗಿದರೆ ಬಣ್ಣ ಕೆಡುತ್ತದೆ. ಡಬ್ಬಿಯ ಮುಚ್ಚಳದ ಸುತ್ತ ಅಗಲದ ಟೇಪನ್ನು ಎರಡು ಸುತ್ತು ಹಾಕಿಸಿ, ಬಸ್ಸಿನವರನ್ನು ಮೊದಲೇ ಕೇಳಿ. ನೀರು ಸೋರುವ ಡಬ್ಬಿಯನ್ನು ಅವರು ಲಗೇಜಿಗೆ ಹಾಕಿಕೊಳ್ಳುವುದಿಲ್ಲ.