ಮೇ ತಿಂಗಳಲ್ಲೇ ಗೊಮ್ಮಟನನ್ನು ನೋಡಬೇಕು: ನನ್ನ ಅನುಭವ

ಶ್ರವಣಬೆಳಗೊಳದ ಗೊಮ್ಮಟನ ಮುಖವನ್ನು ನಾನು ಸರಿಯಾಗಿ ನೋಡಿದ್ದು ಐದನೇ ಸಲ ಹೋದಾಗ. ಅದಕ್ಕೆ ಮುಂಚೆಯೂ ಬೆಟ್ಟ ಹತ್ತಿದ್ದೆ, ಕೈ ಮುಗಿದಿದ್ದೆ, ರಾಶಿ ಫೋಟೋ ತೆಗೆದಿದ್ದೆ. ಮುಖ ಮಾತ್ರ ಕಂಡಿರಲಿಲ್ಲ. ಕಂಡಿದ್ದು ಬರೀ ಕಪ್ಪು ಆಕಾರ, ಅದರ ಹಿಂದೆ ಬೆಳ್ಳಗೆ ಹೊಳೆಯುವ ಆಕಾಶ.

ಮೂರ್ತಿ ನಿಂತಿರುವುದು ಉತ್ತರಕ್ಕೆ ಮುಖ ಮಾಡಿ. ನಾವೆಲ್ಲ ಹೋಗುವುದು ಡಿಸೆಂಬರ್, ಜನವರಿಯಲ್ಲಿ. ಆಗ ಸೂರ್ಯ ಇಡೀ ದಿನ ದಕ್ಷಿಣದ ಕಡೆಗಿರುತ್ತಾನೆ, ಅಂದರೆ ಗೊಮ್ಮಟನ ಬೆನ್ನ ಹಿಂದೆ. ಬೆಳಿಗ್ಗೆ ಹೋದರೂ ಅಷ್ಟೇ, ಸಂಜೆ ಹೋದರೂ ಅಷ್ಟೇ. ಇದು ಹೊಳೆಯುವುದಕ್ಕೆ ನನಗೆ ಮೂರು ಚಳಿಗಾಲ ಬೇಕಾಯಿತು. ಒಂದು ಸಲವಂತೂ ಬಾಡಿಗೆ ಗಾಡಿ ಮಾಡಿಕೊಂಡು, ಇನ್ನೊಬ್ಬ ಗೊಮ್ಮಟನಿರುವ ಕಾರ್ಕಳದವರೆಗೂ ಹೋಗಿ ಬಂದೆವು. ಚಾಲಕರ ಬಾಟಾ, ರಾತ್ರಿ ನಿಂತಿದ್ದಕ್ಕೆ ಬೇರೆ ದುಡ್ಡು, ಎಲ್ಲಾ ಸೇರಿ 22 ಸಾವಿರದ ಹತ್ತಿರ ಹೋಯಿತು. ಬಂದಿದ್ದು ಅದೇ ಕಪ್ಪು ಫೋಟೋ.

ಆಮೇಲೆ ಮನೆಯ ಟೆರೇಸ್ ಮೇಲೆ ಒಂದು ಸಣ್ಣ ಪ್ರಯೋಗ ಶುರು ಮಾಡಿದೆ. ಬಕೆಟ್ಟಿಗೆ ಮರಳು ತುಂಬಿ ನೆಟ್ಟಗೆ ಒಂದು ಕಡ್ಡಿ ನೆಟ್ಟೆ. ದಿನಾ ನಡುಮಧ್ಯಾಹ್ನ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗೆರೆ. ನೆರಳಿಲ್ಲದ ದಿನ ಅಂದರೆ ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಂತಿದ್ದಕ್ಕೆ ನೆರಳೇ ಬೀಳದ ದಿನ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಬೆಳಗೊಳಕ್ಕೂ ಹೆಚ್ಚುಕಮ್ಮಿ ಅದೇ ಲೆಕ್ಕ. ಈ ಎರಡು ದಿನಗಳ ನಡುವೆ ಕಡ್ಡಿಯ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮೇ ಹೊತ್ತಿಗೆ ಸೂರ್ಯ ಬೆಳಿಗ್ಗೆಯಿಂದ ಸಂಜೆವರೆಗೂ ಉತ್ತರದಲ್ಲೇ. ಗೊಮ್ಮಟನ ಮುಖಕ್ಕೆ ಬಿಸಿಲು ಬೀಳುವುದು ಆಗಲೇ ಅಲ್ವಾ!

ಮೊದಲು ಆಗಸ್ಟ್ ನಂಬಿ ಕೆಟ್ಟೆ. 2019ರಲ್ಲಿ ಸ್ವಾತಂತ್ರ್ಯ ದಿನದ ರಜೆಗೆ ಎಲ್ಲಾ ಗೊತ್ತು ಮಾಡಿದ್ದೆ. ಅದಕ್ಕೆ ಒಂದು ವಾರ ಮೊದಲು ಸುರಿದ ಮಳೆಗೆ ಬೆಳಗೊಳದಿಂದ ಮುಂದೆ ಕಾರ್ಕಳದ ಕಡೆ ಇಳಿಯಬೇಕಿದ್ದ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದ್ ಆಯಿತು. ರೂಮಿಗೆ ಕೊಟ್ಟಿದ್ದ ಅಡ್ವಾನ್ಸ್ ಎರಡು ಸಾವಿರದ ಚಿಲ್ಲರೆ ವಾಪಸ್ ಬರಲೇ ಇಲ್ಲ. ಜೂನ್, ಜುಲೈ, ಆಗಸ್ಟ್‌ನಲ್ಲಿ ಸೂರ್ಯ ಎಲ್ಲಿದ್ದರೇನು, ಮೋಡ ಬಿಡಬೇಕಲ್ಲ. ಉಳಿದಿದ್ದು ಮೇ ಒಂದೇ.

ಮೇ ಅಂದ ಕೂಡಲೇ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಬಾಮೈದ ನೇರವಾಗಿಯೇ ಹೇಳಿದ: "ಭಾವ, ಸುಡೋ ಬಂಡೆ ಮೇಲೆ ಬರಿಗಾಲಲ್ಲಿ ಹತ್ತೋದಾ? ನೀವು ಹೋಗಿ ಬನ್ನಿ."

ಮೇನಲ್ಲಿ ಮೊದಲ ಸಲ ಹೋದಾಗ ಅವನ ಮಾತೇ ನಿಜವಾಯಿತು. ಬೆಳಿಗ್ಗೆ ಆರಕ್ಕೆ ಬೆಂಗಳೂರು ಬಿಟ್ಟು, ದಾರಿಯಲ್ಲಿ ತಿಂಡಿ ತಿಂದು, ಹತ್ತು ಗಂಟೆಗೆ ವಿಂಧ್ಯಗಿರಿ ಹತ್ತಲು ಶುರು ಮಾಡಿದೆವು. ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಎಲ್ಲಾ ಬಂಡೆಯಲ್ಲೇ ಕಡಿದದ್ದು. ಮೇಲೆ ಹೋಗುವಷ್ಟರಲ್ಲಿ ಬೆಳಕು ನೆತ್ತಿಯಿಂದ ಸುರಿಯುತ್ತಿತ್ತು. ಹುಬ್ಬಿನ ನೆರಳು ಕಣ್ಣನ್ನೇ ನುಂಗಿತ್ತು. ಇಳಿಯುವಾಗ ನನ್ನ ಹೆಂಡತಿಯ ಅಂಗಾಲಿನಲ್ಲಿ ಗುಳ್ಳೆ ಎದ್ದವು. ಹಾಕಿಕೊಂಡಿದ್ದ ನೈಲಾನ್ ಕಾಲುಚೀಲ ನುಣುಪು ಮೆಟ್ಟಿಲ ಮೇಲೆ ಜಾರುತ್ತಿತ್ತು, ಕಂಬಿ ಹಿಡಿದುಕೊಂಡೇ ಇಳಿದಳು. ಅವತ್ತು ನನಗೆ ನಿಜಕ್ಕೂ ಬೇಜಾರಾಯಿತು.

ಮರುವರ್ಷ ಮೇ ಎರಡನೇ ವಾರದಲ್ಲಿ ಮತ್ತೆ ಹೊರಟೆ. ಈ ಸಲ ಹಿಂದಿನ ಸಂಜೆಯೇ ಬೆಳಗೊಳ ಸೇರಿ ಅಲ್ಲೇ ಉಳಿದೆವು. ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಬುಡದಲ್ಲಿದ್ದೆವು. ದಪ್ಪ ಹತ್ತಿ ಕಾಲುಚೀಲ, ಒಂದರ ಮೇಲೊಂದು ಎರಡು ಜೊತೆ. ಅದರೊಳಗೆ ಇನ್ನೊಂದು ಸಾಮಾನು ಸೇರಿಸುತ್ತೇನೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಏಳು ಗಂಟೆಗೆ ಮೂರ್ತಿಯ ಮುಂದೆ ನಿಂತಾಗ ಬಿಸಿಲು ತಲೆಯಿಂದ ಎದೆಯವರೆಗೆ ಇಳಿದಿತ್ತು. ಕಾಲ ಬಳಿಯ ಹುತ್ತ, ಹಾವುಗಳು ಇನ್ನೂ ನೆರಳಿನಲ್ಲಿದ್ದವು. ಬೆಳಕು ಬರುತ್ತಿದ್ದುದು ಅವನ ಬಲಗಡೆಯಿಂದ, ಕಲ್ಲನ್ನು ಸವರಿಕೊಂಡು. ತಲೆಯ ಗುಂಗುರು ಸುರುಳಿಗಳು ಒಂದೊಂದೂ ಬಿಡಿಬಿಡಿಯಾಗಿ ಎದ್ದು ಕಂಡವು. ಆಮೇಲೆ ಕೆಳದುಟಿಯ ಕೆಳಗೆ ಒಂದು ತೆಳು ನೆರಳು ಮೂಡಿತು ನೋಡಿ, ಆಗ ಆ ನಗು ಕಂಡಿತು. ಎಂಟೂಕಾಲಿಗೆ ತೋಳಿಗೆ ಸುತ್ತಿದ ಬಳ್ಳಿಯ ಎಲೆಗಳಿಗೂ ನೆರಳು ಬಂತು. 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ್ದು. ಬೆಟ್ಟದ ತುದಿಯ ಬಂಡೆಯನ್ನೇ ಬಿಡಿಸಿ ಇಷ್ಟು ತೆಳುವಾದ ಕೆಲಸ ಮಾಡಿದ ಕೈಗಳ ಹೆಸರು ಪಾದದ ಶಾಸನದಲ್ಲಿಲ್ಲ. ಅಲ್ಲಿರುವುದು "ಶ್ರೀ ಚಾವುಂಡರಾಜಂ ಮಾಡಿಸಿದಂ" ಅಂತ. ಈ ಸಲ ಜೊತೆಗೆ ಬಂದಿದ್ದ ಬಾಮೈದ ಒಂದು ಗಂಟೆ ಮಾತೇ ಆಡಲಿಲ್ಲ.

ಲೇಸರ್ ಥರ್ಮಾಮೀಟರ್ ಕೂಡ ಒಯ್ದಿದ್ದೆ. ಬಂಡೆಯ ಬಿಸಿ ಏಳಕ್ಕೆ ಸುಮಾರು 27 ಡಿಗ್ರಿ, ಒಂಬತ್ತೂಕಾಲಿಗೆ 38ರ ಆಸುಪಾಸು. ಹನ್ನೊಂದಕ್ಕೆ ಕೆಳಗೆ ಕಲ್ಯಾಣಿ ಹತ್ತಿರದ ಬಂಡೆಗೆ ಹಿಡಿದರೆ 50 ದಾಟಿತ್ತು. ಹಾಗಾಗಿ ಒಂಬತ್ತೂವರೆಗೆ ಕೆಳಗಿರಲೇಬೇಕು. ಇದರಲ್ಲಿ ರಾಜಿ ಬೇಡ.

ಸುಡು ಮಧ್ಯಾಹ್ನವನ್ನು ಕಾರಿನಲ್ಲಿ ಕಳೆಯುವುದು ನನ್ನ ಲೆಕ್ಕ. ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ. ಚಾರ್ಮಾಡಿ ಇಳಿದು ಸಂಜೆಗೆ ಧರ್ಮಸ್ಥಳದ ರತ್ನಗಿರಿ. ಅಲ್ಲಿನ 39 ಅಡಿಯ ಮೂರ್ತಿಯನ್ನು ಕೆತ್ತಿದವರು ರೆಂಜಾಳ ಗೋಪಾಲಕೃಷ್ಣ ಶೆಣೈ, ಅದೂ ಕಾರ್ಕಳದಲ್ಲಿ. 1973ರಲ್ಲಿ ಅಷ್ಟು ದೊಡ್ಡ ಕಲ್ಲನ್ನು ರಸ್ತೆ ಮೇಲೆ ಧರ್ಮಸ್ಥಳಕ್ಕೆ ತಂದರು. ಪ್ರತಿಷ್ಠೆ ಆಗಿದ್ದು 1982ರಲ್ಲಿ. ಮರುದಿನ ನಾವು ಕಾರ್ಕಳದ ಕಡೆ ಹೊರಟಾಗ ಪ್ರತಿ ತಿರುವಿನಲ್ಲೂ ನನ್ನ ತಲೆಯಲ್ಲಿ ಅದೇ: ಇಲ್ಲಿ ಹೇಗೆ ತಿರುಗಿಸಿದರು?

ದಾರಿಯಲ್ಲಿ ಸಿಗುವ ವೇಣೂರಿನಲ್ಲಿ ಬೆಟ್ಟ ಇಲ್ಲ, ಫಲ್ಗುಣಿ ನದಿಯ ದಡ. 1604ರಲ್ಲಿ ಅಲ್ಲಿನ ಅರಸ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಮೂರ್ತಿ. ಕಾಲಿಗೆ ಕಷ್ಟವಿಲ್ಲ, ಜನ ಕಮ್ಮಿ, ಸುಮ್ನೆ ಕೂರಬಹುದು. ನನಗೆ ನಾಲ್ಕರಲ್ಲಿ ಇದರ ಮೇಲೆ ಪ್ರೀತಿ ಜಾಸ್ತಿ.

ಕಾರ್ಕಳದ 42 ಅಡಿಯ ಗೊಮ್ಮಟ 1432ರದ್ದು, ವೀರಪಾಂಡ್ಯ ಭೈರರಸನ ಕಾಲ. ಮೂರ್ತಿಯನ್ನು ಬೇರೆ ಕಡೆ ಕೆತ್ತಿ ಬೆಟ್ಟದ ಮೇಲಕ್ಕೆ ಎಳೆದು ತಂದರು ಅನ್ನುತ್ತಾರೆ. ಆ ನುಣುಪು ಬಂಡೆ ನೋಡಿದರೆ ಅದು ಎಂಥ ಕೆಲಸ ಅಂತ ತಿಳಿಯುತ್ತದೆ. ಅಲ್ಲಿ ಯಾವ ಹೊತ್ತಿಗೆ, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಮೂರು ಪ್ರವಾಸ ಸವೆಸಿ ಕಂಡುಕೊಂಡಿದ್ದೇನೆ. ಅದು ನನ್ನಲ್ಲೇ ಇರಲಿ. ಚತುರ್ಮುಖ ಬಸದಿಯನ್ನು ಮಾತ್ರ ಬಿಡಬೇಡಿ.

ಖರ್ಚು: ಸ್ವಂತ ಕಾರು, ನಾಲ್ಕು ಜನ, ಮೂರು ರಾತ್ರಿ. ಸುಮಾರು 800 ಕಿ.ಮೀ.ಗೆ ಪೆಟ್ರೋಲ್ ಐದೂವರೆ ಸಾವಿರ, ರೂಮಿಗೆ ಐದು, ಊಟ ತಿಂಡಿಗೆ ನಾಲ್ಕು. ಒಟ್ಟು ಹದಿನೈದು ಸಾವಿರದ ಒಳಗೆ. ಮೇಯಲ್ಲೂ ಒಂದೊಂದು ದಿನ ಬೆಳಿಗ್ಗೆ ಮೋಡ ಕವಿಯುತ್ತದೆ, ಅದಕ್ಕೇ ಬೆಳಗೊಳದ ರೂಮನ್ನು ಇನ್ನೊಂದು ರಾತ್ರಿಗೂ ಕೇಳಿಟ್ಟುಕೊಳ್ಳಿ.

ಮೈಸೂರಿನ ಹತ್ತಿರದ ಗೊಮ್ಮಟಗಿರಿ ಇನ್ನೂ ಬಾಕಿ ಇದೆ. ಬಕೆಟ್ಟು, ಕಡ್ಡಿ ಎರಡನ್ನೂ ಈ ಸಲ ಡಿಕ್ಕಿಯಲ್ಲಿ ಹಾಕಿಕೊಂಡೇ ಹೊರಡುತ್ತೇನೆ. ಬಾಮೈದ ಈಗಲೇ ರಜೆ ಬರೆದು ಕೊಟ್ಟಿದ್ದಾನೆ.