ಕಿಟಕಿ ನೋಡಬೇಡಿ, ಮೆಟ್ಟಿಲು ನೋಡಿ: ಇಂಗ್ಲೆಂಡಿನ ಕಡಲತೀರದಲ್ಲಿ ಒಂದು ವಾರದ ಬಾಡಿಗೆ ಮನೆ

ಮೊದಲ ಸಲ ರಾಬಿನ್ ಹುಡ್ಸ್ ಬೇ ಎಂಬ ಊರಿನಲ್ಲಿ ಮನೆ ಹಿಡಿದಾಗ ನಾನು ನೋಡಿದ್ದು ಒಂದೇ ಫೋಟೊ. ಅಡುಗೆಮನೆಯ ಕಿಟಕಿ, ಅದರಾಚೆ ಸಮುದ್ರ. ಅಷ್ಟು ಸಾಕಾಯಿತು, ದುಡ್ಡು ಕಟ್ಟಿಬಿಟ್ಟೆ. ಹೋದ ಮೇಲೆ ಗೊತ್ತಾಯಿತು, ಪ್ರವಾಸಿಗರ ಕಾರು ಗುಡ್ಡದ ತುದಿಯಲ್ಲೇ ನಿಲ್ಲಬೇಕು. ಮನೆ ಇರುವುದು ಕೆಳಗೆ, ಕಡಲ ಪಕ್ಕ. ನಡುವೆ ಏಣಿಯಂಥ ರಸ್ತೆ. ನಮ್ಮ ಜೊತೆ ನಾಲ್ಕು ಸೂಟ್‌ಕೇಸು, ಒಂದು ಅಕ್ಕಿ ಚೀಲ, ಎಪ್ಪತ್ತೆರಡು ವರ್ಷದ ಅತ್ತೆ. ಅತ್ತೆ ಒಮ್ಮೆ ಕೆಳಗೆ ಇಣುಕಿ, "ಇಳಿಯೋದೇನೋ ಇಳೀತೀನಿ ಕಣೇ, ವಾಪಸ್ ಹತ್ತಿಸೋರು ಯಾರು?" ಅಂದರು.

ಆಮೇಲೆ ಇನ್ನೂ ನಾಲ್ಕು ಸಲ ಆ ಕಡೆ ಹೋಗಿದ್ದೇವೆ. ಲೀಡ್ಸ್, ಮ್ಯಾಂಚೆಸ್ಟರ್ ಕಡೆ ಇರುವ ಕನ್ನಡದವರು, ಊರಿನಿಂದ ಬಂದ ಅಪ್ಪ ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಅಂತ ಕೇಳುತ್ತಲೇ ಇರುತ್ತಾರೆ. ನನ್ನ ಉತ್ತರ ಒಂದೇ: ಯಾರ್ಕ್‌ಷೈರ್ ಕರಾವಳಿಯಲ್ಲಿ ಒಂದು ಸೆಲ್ಫ್ ಕೇಟರಿಂಗ್ ಮನೆ ಹಿಡಿಯಿರಿ. ಅಂದರೆ ಮನೆ, ಪಾತ್ರೆ, ಒಲೆ, ಹಾಸಿಗೆ ಅವರದು. ಅಡುಗೆ, ಪಾತ್ರೆ ತೊಳೆಯುವುದು, ಕಸ ಹಾಕುವುದು ನಮ್ಮದು. ಹೋಟೆಲಿನಲ್ಲಿ ಬೆಳಿಗ್ಗೆ ಬ್ರೆಡ್ಡು ನೋಡಿ ಮುಖ ಸಪ್ಪೆ ಮಾಡುವ ಹಿರಿಯರು ಇಲ್ಲಿ ಉಪ್ಪಿಟ್ಟು ತಿಂದು ಸಮುದ್ರ ನೋಡುತ್ತಾ ಕೂರುತ್ತಾರೆ.

1. ಮೊದಲು ವಾರ ಗೊತ್ತು ಮಾಡಿ

ಬೇಸಿಗೆ ರಜೆಯಲ್ಲಿ ಇಲ್ಲಿ ಮನೆಗಳನ್ನು ಸಾಮಾನ್ಯವಾಗಿ ಪೂರ್ತಿ ವಾರಕ್ಕೇ ಕೊಡುತ್ತಾರೆ, ಶುಕ್ರವಾರದಿಂದ ಶುಕ್ರವಾರ ಅಥವಾ ಶನಿವಾರದಿಂದ ಶನಿವಾರ. ಉಳಿದ ತಿಂಗಳುಗಳಲ್ಲಿ ವಾರಾಂತ್ಯದ ಮೂರು ರಾತ್ರಿ, ಇಲ್ಲವೇ ಸೋಮವಾರದಿಂದ ನಾಲ್ಕು ರಾತ್ರಿ ಸಿಗುತ್ತದೆ. ಶಾಲೆಗಳಿಗೆ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೆ. ಆಗ ಬಾಡಿಗೆ ಚಳಿಗಾಲದ ಎರಡು ಪಟ್ಟು ದಾಟುವುದೂ ಉಂಟು.

ತೊಂದರೆ ಏನೆಂದರೆ, ಒಳನಾಡಿನ ಗುಡ್ಡಗಳ ಮೇಲೆ ಹೆದರ್ ಎಂಬ ಕುರುಚಲು ಗಿಡ ಹೂ ಬಿಡುವುದೂ ಆಗಸ್ಟಿನಲ್ಲೇ. ಮೈಲಿಗಟ್ಟಲೆ ನೇರಳೆ ಬಣ್ಣ. ಅದನ್ನು ನೋಡಬೇಕು, ದುಡ್ಡೂ ಉಳಿಯಬೇಕು ಅಂದರೆ ಸೆಪ್ಟೆಂಬರಿನಲ್ಲಿ ಶಾಲೆ ತೆರೆದ ಮೊದಲ ವಾರ ನೋಡಿ. ಮಕ್ಕಳು ಶಾಲೆಗೆ ವಾಪಸ್ ಹೋಗಿರುತ್ತಾರೆ, ಹೂವು ಪೂರ್ತಿ ಹೋಗಿರುವುದಿಲ್ಲ. ಜೂನ್ ಕೂಡ ಚೆನ್ನ. ರಾತ್ರಿ ಒಂಬತ್ತೂವರೆಗೂ ಬೆಳಕು. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ವಯಸ್ಸಾದವರಿಗೆ ಬೇಜಾರು.

2. ಕಡಲೋ, 'ಮೂರ್' ಬಯಲೋ?

ಮೂರ್ ಅಂದರೆ ಮರವಿಲ್ಲದ, ಗಾಳಿ ಹೊಡೆಯುವ ಎತ್ತರದ ಬಯಲು. ಕೆಳಗೆ ಒದ್ದೆ ಮಣ್ಣು, ಮೇಲೆ ಹೆದರ್, ಅದರ ನಡುವೆ ಬೇಲಿಯಿಲ್ಲದೆ ಓಡಾಡುವ ಕುರಿಗಳು. ಇಲ್ಲಿನ ಮೂರ್‌ಗಳು 1952ರಲ್ಲಿ ನಾರ್ತ್ ಯಾರ್ಕ್ ಮೂರ್ಸ್ ಎಂಬ ರಾಷ್ಟ್ರೀಯ ಉದ್ಯಾನವಾದವು. ನಮ್ಮ ಉದ್ಯಾನಗಳ ಥರ ಗೇಟು, ಟಿಕೆಟ್ ಇಲ್ಲ. ಹಳ್ಳಿ, ಹೊಲ, ಮನೆ ಎಲ್ಲ ಅದರೊಳಗೇ ಇವೆ. ಅದರ ಪೂರ್ವದ ಅಂಚೇ ಸಮುದ್ರ. ಹಾಗಾಗಿ ಪೂರ್ವದ ಕಡೆ ಎಲ್ಲಿ ಉಳಿದರೂ ಇನ್ನೊಂದು ಕಡೆಗೆ ಅರ್ಧ, ಮುಕ್ಕಾಲು ಗಂಟೆಯ ಕಾರು ದಾರಿ.

ಕಾರಿಲ್ಲದವರು ವಿಟ್ಬಿ ಎಂಬ ಬಂದರು ಊರಿನಲ್ಲೇ ಉಳಿಯಿರಿ. ಬಸ್ಸು, ರೈಲು, ಅಂಗಡಿ, ಔಷಧಿ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಹಿರಿಯರಿದ್ದರೆ ಊರಿನ ಪಶ್ಚಿಮಕ್ಕಿರುವ ವೆಸ್ಟ್ ಕ್ಲಿಫ್ ಗುಡ್ಡದ ಮೇಲಿನ ಅಪಾರ್ಟ್‌ಮೆಂಟ್ ನೋಡಿ, ನೆಲ ಸಮತಟ್ಟು. ನದಿಯ ಪೂರ್ವ ದಂಡೆಯ ಹಳೆಯ ಊರು ಚಂದವೇನೋ ಚಂದ. ಹೆಸರಾಂತ ಸಾಗರಯಾನಿ ಕ್ಯಾಪ್ಟನ್ ಕುಕ್ ಹುಡುಗನಾಗಿ ಹಡಗಿನ ಕೆಲಸ ಕಲಿಯುವಾಗ ಇದ್ದ ಮನೆ ಆ ಕಡೆಯ ಗ್ರೇಪ್ ಲೇನ್‌ನಲ್ಲಿದೆ, ಈಗ ಮ್ಯೂಸಿಯಂ. ಅಬ್ಬೆ ಎಂಬ ಪಾಳುಬಿದ್ದ ಕ್ರೈಸ್ತ ಮಠಕ್ಕೆ ಹತ್ತುವ 199 ಮೆಟ್ಟಿಲೂ ಅಲ್ಲೇ. ಆದರೆ ಅಲ್ಲಿನ ಬಾಡಿಗೆ ಮನೆಗಳು ಎಷ್ಟೋ 'ಯಾರ್ಡ್' ಎಂಬ ಸಂದಿಗಳಲ್ಲಿವೆ. ಸಾಮಾನು ಕೈಯಲ್ಲೇ ಹೊರಬೇಕು. ರಾಬಿನ್ ಹುಡ್ಸ್ ಬೇ ಕಥೆ ಗೊತ್ತಾಯಿತಲ್ಲ, ಸ್ಟೇಥ್ಸ್ ಎಂಬ ಮೀನುಗಾರರ ಊರಿನದೂ ಅದೇ ಕಥೆ.

ಕಾರಿದ್ದು, ಮೊಬೈಲ್ ಸಿಗ್ನಲ್ ಇಲ್ಲದೆ ನಾಲ್ಕು ದಿನ ಇರಬಲ್ಲಿರಾದರೆ ಮೂರ್ ಒಳಗಿನ ಗೋತ್‌ಲ್ಯಾಂಡ್, ರೋಸ್‌ಡೇಲ್, ಡ್ಯಾನ್ಬಿ ಹಳ್ಳಿಗಳ ಕಡೆ ಹೋಗಿ. ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಕುರಿ ನಿಂತಿರುತ್ತದೆ. ಗ್ರೋಮಂಟ್‌ನಿಂದ ಪಿಕರಿಂಗ್‌ವರೆಗೆ 18 ಮೈಲಿ ಉಗಿಬಂಡಿ ಓಡುತ್ತದೆ. 1836ರಲ್ಲಿ ಈ ಹಳಿ ಹಾಕಿದಾಗ ಗಾಡಿ ಎಳೆಯುತ್ತಿದ್ದದ್ದು ಕುದುರೆಗಳು.

ಇನ್ನೊಂದು ಮಾತು. ವಿಟ್ಬಿಯ ಹಳೆ ಬೀದಿಗಳಲ್ಲಿ ಬಾಗಿಲ ಪಕ್ಕದಲ್ಲೆಲ್ಲ ಬೀಗದ ಕೈ ಇಡುವ ಸಣ್ಣ ಪೆಟ್ಟಿಗೆಗಳು ಕಾಣುತ್ತವೆ. ಅವೆಲ್ಲ ನಮ್ಮಂಥವರು ಬಂದುಹೋಗುವ ಮನೆಗಳು. ಊರಿನ ಮಕ್ಕಳಿಗೆ ಊರಿನಲ್ಲೇ ಮನೆ ಸಿಗುತ್ತಿಲ್ಲ ಅಂತ 2022ರ ಜೂನ್‌ನಲ್ಲಿ ಮತದಾನವೇ ನಡೆಯಿತು. ಹೊಸದಾಗಿ ಕಟ್ಟುವ ಮನೆಗಳು ವರ್ಷಪೂರ್ತಿ ಇಲ್ಲೇ ಇರುವವರಿಗೆ ಸಿಗಲಿ ಎಂದವರು 2,111 ಮಂದಿ, ಬೇಡ ಎಂದವರು 157. ಅದು ಸಲಹೆಯಷ್ಟೇ, ಕಾನೂನಲ್ಲ. ಆದರೂ ಅದನ್ನು ತಿಳಿದ ಮೇಲೆ ನಾನು ತರಕಾರಿ, ಬ್ರೆಡ್ಡನ್ನಾದರೂ ಆ ಊರಿನ ಅಂಗಡಿಯಲ್ಲೇ ಕೊಳ್ಳುತ್ತೇನೆ.

3. ಜಾಹೀರಾತನ್ನು ಹೆಣ್ಣು ನೋಡುವವರಂತೆ ಅಲ್ಲ, ಪತ್ರ ನೋಡುವ ವಕೀಲರಂತೆ ಓದಿ

'ಆರು ಜನಕ್ಕೆ' ಅಂತ ಬರೆದಿದ್ದರೆ ಅದರಲ್ಲಿ ಇಬ್ಬರು ಹಾಲ್‌ನಲ್ಲಿರುವ ಸೋಫಾದ ಮೇಲೆ ಮಲಗಬೇಕಾಗಬಹುದು. 'ತುಂಬ ಹಳೆಯ ಸೊಗಸು' ಅಂದರೆ ತಲೆಗೆ ಬಡಿಯುವ ತೊಲೆ, ಕಡಿದಾದ ಮೆಟ್ಟಿಲು. ಹಳೆಯ ಕಾಲದ ಮೀನುಗಾರರ ಮನೆಗಳಲ್ಲಿ ಬಚ್ಚಲು ಒಂದು ಅಂತಸ್ತು, ಮಲಗುವ ಕೋಣೆ ಇನ್ನೊಂದು. ರಾತ್ರಿ ಎರಡು ಸಲ ಏಳುವ ಹಿರಿಯರಿದ್ದರೆ ಇದೇ ಮುಖ್ಯ ಪ್ರಶ್ನೆ. ಮನೆಯ ನಕ್ಷೆ ಹಾಕಿದ್ದಾರೋ ನೋಡಿ. ಇಲ್ಲದಿದ್ದರೆ ಬರೆದು ಕೇಳಿ: ಕಾರಿನಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು, ಬಾಗಿಲಿನಿಂದ ಹಾಸಿಗೆಗೆ ಎಷ್ಟು, ಹಾಸಿಗೆಯಿಂದ ಬಚ್ಚಲಿಗೆ ಎಷ್ಟು?

ಪಾರ್ಕಿಂಗ್ ಮನೆಯದೋ, ರಸ್ತೆಯದೋ, ಪರವಾನಗಿ ಕೊಡುತ್ತಾರೋ ಅಂತಲೂ ಕೇಳಿ. ಟವೆಲ್, ಹಾಸಿಗೆ ಬಟ್ಟೆ ಬಾಡಿಗೆಯಲ್ಲಿ ಸೇರಿದೆಯೇ? ತೊಟ್ಟಿಲಿನ ಬಟ್ಟೆ ಮಾತ್ರ ನೀವೇ ಒಯ್ಯಬೇಕಾಗಬಹುದು. ಸಾಮಾನ್ಯವಾಗಿ ಒಂದು ಭಾಗ ಮುಂಗಡ, ಉಳಿದದ್ದು ಆರೆಂಟು ವಾರ ಮೊದಲು ಕಟ್ಟಬೇಕು. ರದ್ದು ಮಾಡಿದರೆ ಎಷ್ಟು ವಾಪಸ್ ಅನ್ನುವುದನ್ನು ವೀಸಾ ಇನ್ನೂ ಬರದವರು ಎರಡು ಸಲ ಓದಿಕೊಳ್ಳಿ.

4. ಹೋಗುವ ದಾರಿ

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಯಾರ್ಕ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ. ಅಲ್ಲಿಂದ 840 ನಂಬರಿನ ಬಸ್ಸು ಮೂರ್ ದಾಟಿ ವಿಟ್ಬಿಗೆ ಬರುತ್ತದೆ. ಮೇಲಿನ ಮಹಡಿಯಲ್ಲಿ, ಮುಂದಿನ ಸೀಟಿನಲ್ಲಿ ಕೂರಿ. ಮಿಡಲ್ಸ್‌ಬರೋದಿಂದ ರೈಲೂ ಇದೆ, ದಿನಕ್ಕೆ ಕೆಲವೇ ಸಲ. ಭಾರತದಿಂದ ಪ್ರವಾಸಕ್ಕೆ ಬಂದವರು ನಮ್ಮ ಲೈಸೆನ್ಸಿನಲ್ಲೇ 12 ತಿಂಗಳವರೆಗೆ ಕಾರು ಓಡಿಸಬಹುದು, ಎಡಗಡೆಯೇ. ಆದರೆ 33 ಪರ್ಸೆಂಟ್ ಅಂತ ಬೋರ್ಡು ಕಂಡರೆ ಅದು ರಿಯಾಯಿತಿ ಅಲ್ಲ, ರೋಸ್‌ಡೇಲಿನ ಚಿಮ್ನಿ ಬ್ಯಾಂಕ್ ಥರದ ಏರು. ಹೊಸಬರು ಬಳಸುದಾರಿ ಹಿಡಿಯುವುದೇ ಒಳ್ಳೆಯದು.

ಮನೆ ಕೈಗೆ ಸಿಗುವುದು ಸಾಮಾನ್ಯವಾಗಿ ಸಂಜೆ ನಾಲ್ಕಕ್ಕೆ. ಬೇಗ ಹೋದರೆ ಒಳಗೆ ಬಿಡುವುದಿಲ್ಲ. ಕೀ ಪೆಟ್ಟಿಗೆಯ ನಂಬರು, ದಾರಿಯ ನಕ್ಷೆ ಎರಡನ್ನೂ ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಮೂರ್ ಮೇಲೆ ಸಿಗ್ನಲ್ ನಂಬಿದವರು ಕತ್ತಲೆಯಲ್ಲಿ ಯಾರದೋ ಕೊಟ್ಟಿಗೆ ಮುಂದೆ ನಿಲ್ಲುತ್ತಾರೆ. ನಾವು ನಿಂತಿದ್ದೆವು.

5. ಒಳಗೆ ಹೋದ ಮೇಲೆ: ಬಚ್ಚಲು, ಒಲೆ, ಒಗ್ಗರಣೆ

ಬಾಗಿಲು ತೆಗೆದ ಕೂಡಲೇ ಮೇಜಿನ ಮೇಲೆ ಹಾಲು, ಟೀ ಪುಡಿ, ಕೆಲವು ಕಡೆ ಸ್ಕೋನ್ ಎಂಬ ಸಣ್ಣ ಬನ್ನು ಇಟ್ಟಿರುತ್ತಾರೆ. ಪಕ್ಕದಲ್ಲಿ ಒಂದು ಫೈಲು. ಟೀ ಕುಡಿಯುತ್ತಾ ಅದನ್ನು ಪೂರ್ತಿ ಓದಿ, ದಯವಿಟ್ಟು. ನಾವು ಓದದೆ ಮೊದಲ ದಿನವೆಲ್ಲ ತಣ್ಣೀರಿನಲ್ಲಿ ಸ್ನಾನ ಮಾಡಿದೆವು. ಷವರಿಗೆ ಕರೆಂಟು ಬರಲು ಚಾವಣಿಯಿಂದ ನೇತಾಡುವ ದಾರ ಎಳೆಯಬೇಕಿತ್ತು. ಹಳ್ಳಿ ಮನೆಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಇರುತ್ತದೆ, ಟಾಯ್ಲೆಟ್ಟಿಗೆ ಕಾಗದ ಬಿಟ್ಟು ಬೇರೇನೂ ಹಾಕಬಾರದು. ಬಕೆಟ್, ಚೊಂಬು ಮಾತ್ರ ಎಲ್ಲೂ ಇರುವುದಿಲ್ಲ. "ಇಷ್ಟೆಲ್ಲ ಇಟ್ಟಿದಾರೆ, ಒಂದು ಬಕೆಟ್ಟಿಗೆ ಬಡತನವೇನೇ?" ಅಂತ ಅತ್ತೆ ವಾರವೆಲ್ಲ ಕೇಳಿದರು. ಈಗ ಕಾರಿನಲ್ಲಿ ಮೊದಲು ಏರುವುದು ಪ್ಲಾಸ್ಟಿಕ್ ಮಗ್ಗು.

ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ಮನೆಯಿಂದ ಹೊರಡುವಾಗ ಫ್ರಿಜ್ಜಿಗೆ ಅಂಟಿಸಿದ ಮ್ಯಾಗ್ನೆಟ್ ತೆಗೆದು ಕುಕ್ಕರಿನ ತಳಕ್ಕೆ ಹಿಡಿಯಿರಿ. ಕಚ್ಚಿಕೊಂಡರೆ ಒಯ್ಯಿರಿ, ಜಾರಿದರೆ ಬಿಡಿ. ಅಲ್ಲಿ ಮಿಕ್ಸಿ ಇರುವುದಿಲ್ಲ. ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಜೊತೆಗಿರಲಿ. ತೊಗರಿಬೇಳೆ, ಇಂಗು, ಹುಣಸೆಹಣ್ಣನ್ನು ಲೀಡ್ಸ್ ಅಥವಾ ಬ್ರಾಡ್‌ಫರ್ಡ್‌ನಲ್ಲೇ ಕೊಳ್ಳಿ. ಊರಿನಿಂದ ನೇರ ಬರುವವರು ತುಪ್ಪ, ಧಾರವಾಡ ಪೇಡ ತರಬೇಡಿ, ಭಾರತದಿಂದ ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಭಾನುವಾರ ದೊಡ್ಡ ಅಂಗಡಿಗಳು ಆರು ಗಂಟೆ ಮಾತ್ರ ತೆರೆದಿರುತ್ತವೆ, ಅದು ಇಲ್ಲಿನ ಕಾನೂನು.

ಈಗ ಒಗ್ಗರಣೆ. ಈ ಮನೆಗಳ ಹೊಗೆ ಅಲಾರಂ ಸಾಸಿವೆ ಚಟಪಟ ಅನ್ನುವ ಮೊದಲೇ ಕಿರುಚಿಕೊಳ್ಳುತ್ತದೆ. ಮೆಣಸಿನಕಾಯಿ ಹಾಕಿದಿರೋ, ಪಕ್ಕದ ಮನೆಯವರೂ ಹೊರಗೆ ಬರುತ್ತಾರೆ. ಅಲಾರಂ ಬಿಚ್ಚಿಡುವ ಕೆಲಸ ಮಾತ್ರ ಮಾಡಬೇಡಿ. ಮರದ ತೊಲೆಯ ಹಳೇ ಮನೆ ಅದು. ಮೊದಲು ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ, ಅಡುಗೆಮನೆ ಬಾಗಿಲು ಮುಚ್ಚಿ, ಸಣ್ಣ ಉರಿ ಇಡಿ. ನಾನು ಈಗ ಒಗ್ಗರಣೆಯನ್ನು ಮನೆಯಲ್ಲೇ ಮಾಡಿ ಡಬ್ಬಿಯಲ್ಲಿ ಒಯ್ಯುತ್ತೇನೆ. ಅರಿಸಿನ ಬಿಳಿ ಕಟ್ಟೆಯ ಮೇಲೆ ಚೆಲ್ಲಿದರೆ ಆಗಲೇ ಒರೆಸಿ, ಇಲ್ಲದಿದ್ದರೆ ಠೇವಣಿ ಮರೆತುಬಿಡಿ.

ಅಡುಗೆ ಬೇಜಾರಾದ ದಿನ ಎಲ್ಲರೂ ಫಿಶ್ ಅಂಡ್ ಚಿಪ್ಸ್ ಕಡೆ, ಅಂದರೆ ಕರಿದ ಮೀನು, ಕರಿದ ಆಲೂಗಡ್ಡೆ ಹೋಳಿನ ಅಂಗಡಿಗೆ ಹೋಗುತ್ತಾರೆ. ಮೀನು ಬೇಡ, ಚಿಪ್ಸ್ ಸಾಕು ಅನ್ನುವ ಸಸ್ಯಾಹಾರಿಗಳೇ, ನಿಲ್ಲಿ. ಯಾರ್ಕ್‌ಷೈರಿನಲ್ಲಿ ಚಿಪ್ಸ್ ಕರಿಯುವುದು ಬಹಳ ಕಡೆ ದನದ ಕೊಬ್ಬಿನಲ್ಲಿ. ಅದೇ ಅವರ ಹೆಮ್ಮೆ. ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ, ಕೌಂಟರಿನಲ್ಲಿ ಕೇಳಿದರೆ ಮುಚ್ಚಿಡದೆ ಹೇಳುತ್ತಾರೆ.

6. ಸಮುದ್ರಕ್ಕೆ ಇಳಿಯುವ ಮೊದಲು ಅದರ ಟೈಮ್‌ಟೇಬಲ್

ನಮ್ಮ ಮಂಗಳೂರಿನಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಒಂದೂವರೆ ಮೀಟರಿನ ಒಳಗೇ. ವಿಟ್ಬಿಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಅದು ನಾಲ್ಕೂವರೆ ಮೀಟರ್ ಮುಟ್ಟುತ್ತದೆ. ಅಂದರೆ ಬೆಳಿಗ್ಗೆ ನೀವು ಚೆಂಡಾಡಿದ ಜಾಗ ಮಧ್ಯಾಹ್ನ ಇರುವುದೇ ಇಲ್ಲ. ವಿಟ್ಬಿಯಿಂದ ಸ್ಯಾಂಡ್ಸೆಂಡ್‌ಗೆ ಮರಳಿನ ಮೇಲೆ ನಡೆಯುವವರು, ರಾಬಿನ್ ಹುಡ್ಸ್ ಬೇಯಿಂದ ಬಾಗಲ್ ಹೋಲ್‌ಗೆ ದಡ ಹಿಡಿದು ಹೋಗುವವರು, ಹಿಂದೆ ಬಂಡೆಗೋಡೆ ಮುಂದೆ ನೀರು ಅಂತ ಸಿಕ್ಕಿಬೀಳುವುದು ಹೀಗೇ. ಅಂಗಡಿಗಳಲ್ಲಿ ಉಬ್ಬರದ ಸಣ್ಣ ಪುಸ್ತಕ ಸಿಗುತ್ತದೆ, ಕೊಳ್ಳಿ. ನೀರು ಇಳಿಯುತ್ತಿರುವಾಗ ಹೊರಡಿ, ಏರುವುದರೊಳಗೆ ಬನ್ನಿ. ದಿನಕ್ಕೆ ಎರಡು ಉಬ್ಬರ, ಪ್ರತಿದಿನ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ಅತಿ ಜಾಸ್ತಿ. ಅತ್ತೆಯ ಪಂಚಾಂಗ ಇಲ್ಲಿ ಕೆಲಸಕ್ಕೆ ಬಂತು. ಸಿಕ್ಕಿಬಿದ್ದರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಕೇಳಿ.

ಬಂಡೆಗೋಡೆಯ ಬುಡದಲ್ಲಿ ಕೂರಬೇಡಿ, ಪದರ ಪದರವಾಗಿ ಉದುರುತ್ತದೆ. ದಡದ ಕಲ್ಲುಗಳಲ್ಲಿ ಅಮೊನೈಟ್ ಎಂಬ ಬಹಳ ಹಿಂದಿನ ಕಡಲ ಜೀವಿಯ ಸುರುಳಿ ಸುತ್ತಿದ ಪಳೆಯುಳಿಕೆಗಳು ಸಿಗುತ್ತವೆ. ವಿಟ್ಬಿ ಅಬ್ಬೆಯ ಮೊದಲ ಮುಖ್ಯಸ್ಥೆ ಸಂತ ಹಿಲ್ಡಾ ಹಾವುಗಳನ್ನು ಕಲ್ಲು ಮಾಡಿದಳು ಅಂತ ಊರಿನ ಕಥೆ. ಅತ್ತೆ ಒಂದನ್ನು ಕೈಗೆತ್ತಿಕೊಂಡು ನೋಡಿ, ಸೆರಗಿನಲ್ಲಿ ಒರೆಸಿ, "ಇದು ಸಾಲಿಗ್ರಾಮ ಕಣೇ" ಅಂದರು. ತಪ್ಪೇನಲ್ಲ. ಗಂಡಕಿ ನದಿಯ ಸಾಲಿಗ್ರಾಮವೂ ಅಮೊನೈಟೇ.

ಬಿಸಿಲಿದೆ ಅಂತ ಸ್ವೆಟರ್ ಬಿಟ್ಟು ಹೋಗಬೇಡಿ. ಫ್ರೆಟ್ ಎಂಬ ಮಂಜು ಕಡಲಿನಿಂದ ಎದ್ದು ಹತ್ತೇ ನಿಮಿಷದಲ್ಲಿ ಊರನ್ನು ನುಂಗುತ್ತದೆ. ಆಗ ಮೂರ್ ಕಡೆ ಹೋಗಿ, ಅಲ್ಲಿ ಬಿಸಿಲಿರುತ್ತದೆ, ಎಷ್ಟೋ ಸಲ.

7. ಹೊರಡುವ ದಿನ

ಬೆಳಿಗ್ಗೆ ಹತ್ತಕ್ಕೆ ಬಿಡಬೇಕು. ಹತ್ತು ಅಂದರೆ ಹತ್ತೇ, ಸ್ವಚ್ಛ ಮಾಡುವವರು ಬಾಗಿಲಲ್ಲಿ ನಿಂತಿರುತ್ತಾರೆ. ಹಿಂದಿನ ರಾತ್ರಿಯೇ ಫ್ರಿಜ್ ಖಾಲಿ ಮಾಡಿ, ಪಾತ್ರೆ ತೊಳೆದಿಡಿ, ಒಣಕಸ ಬೇರೆ ಡಬ್ಬಕ್ಕೆ ಹಾಕಿ. ಒಡೆದ ಲೋಟ ಇದ್ದರೆ ಬಚ್ಚಿಡದೆ ಚೀಟಿ ಬರೆದಿಡಿ, ಬಹಳ ಮಾಲೀಕರು ಅದಕ್ಕೆ ದುಡ್ಡು ಕೇಳುವುದಿಲ್ಲ. ಕೀ ಪೆಟ್ಟಿಗೆಗೆ ಹಾಕಿ ನಂಬರು ಕೆಡಿಸಿ.

ಅತಿಥಿಗಳು ಬರೆಯುವ ಪುಸ್ತಕವೊಂದು ಕಿಟಕಿಯ ಹತ್ತಿರ ಇರುತ್ತದೆ. ಕಳೆದ ಸಲ ನಾವು ಸಾಮಾನು ಸಾಗಿಸುವಷ್ಟರಲ್ಲಿ ಅತ್ತೆ ಕನ್ನಡಕ ಹಾಕಿಕೊಂಡು ಅದರಲ್ಲಿ ದುಂಡಗೆ ಕನ್ನಡದಲ್ಲಿ ಬರೆದಿದ್ದರು: "ಮನೆ ಚೆನ್ನಾಗಿದೆ. ಸಮುದ್ರವೂ ಚೆನ್ನಾಗಿದೆ. ಒಂದು ಬಕೆಟ್ ಇಡಿ." ಕೆಳಗೆ ಇಂಗ್ಲಿಷಿನಲ್ಲಿ ಬರೆಯುತ್ತೇನೆ ಅಂದೆ. "ಬೇಡ, ಮುಂದೆ ಬರೋ ನಮ್ಮೋರಿಗೆ ಅರ್ಥ ಆದ್ರೆ ಸಾಕು" ಅಂದರು.