ಕರುಳಿನ ಉರಿಯೂತದ ಪರೀಕ್ಷೆಗೆ ಮಲದ ಮಾದರಿ ಕೊಡುವುದು ಹೇಗೆ?

ದೊಡ್ಡಕರುಳಿನಲ್ಲಿ ಹುಣ್ಣಾಗಿ ಮಲದ ಜೊತೆ ರಕ್ತ, ಲೋಳೆ ಬೀಳುವ ಅಲ್ಸರೇಟಿವ್ ಕೊಲೈಟಿಸ್ ಕಾಯಿಲೆಯನ್ನು ನಮ್ಮ ಕೋಲಾರದ ಕಡೆ ಆಮಶಂಕೆಯೆಂದೋ ಮೂಲವ್ಯಾಧಿಯೆಂದೋ ತಿಳಿದು ತಿಂಗಳುಗಟ್ಟಲೆ ತಳ್ಳುವವರಿದ್ದಾರೆ. ಈ ಕಾಯಿಲೆಯಲ್ಲಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್, ಲ್ಯೂಕೋಟ್ರೈಯೀನ್ ಮೊದಲಾದ, ಉರಿಯೂತ ಕೆರಳಿಸುವ ರಾಸಾಯನಿಕಗಳು ಕರುಳಿನಲ್ಲಿ ಹೆಚ್ಚಾಗಿ, ಅವುಗಳ ಕರೆಗೆ ಓಗೊಟ್ಟ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ಒಳಪದರವನ್ನು ದಾಟಿ ಮಲಕ್ಕೆ ಇಳಿಯುತ್ತವೆ. ಆ ಕಣಗಳಲ್ಲಿ ತುಂಬಿರುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು ಅಳೆದರೆ ಉರಿಯೂತದ ಅಂದಾಜು ಸಿಗುತ್ತದೆ.

ಮೊದಲ ಕೆಲಸ, ನೋವಿನ ಮಾತ್ರೆಗಳ ಲೆಕ್ಕ ಹಾಕುವುದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಾಗದಂತೆ ತಡೆಯುತ್ತವೆ. ನೋವು ತರುವ ಈ ರಾಸಾಯನಿಕವೇ ಕರುಳಿನ ಒಳಪದರವನ್ನು ಕಾಯುವುದೂ ಆದ್ದರಿಂದ, ಅದು ಕುಗ್ಗಿದಾಗ ಕರುಳು ಕೆರಳಿ ಅಂಕಿ ಸುಮ್ಮನೆ ಏರಬಹುದು. ಸುಮಾರು 2 ವಾರ ಮೊದಲೇ ಇವನ್ನು ನಿಲ್ಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಹೃದಯಕ್ಕೆಂದು ಬರೆದುಕೊಟ್ಟ ಆಸ್ಪಿರಿನ್ ಆಗಲಿ, ಕೊಲೈಟಿಸ್‌ಗೆ ಕೊಟ್ಟ ಮೆಸಾಲಮಿನ್ ಆಗಲಿ, ನೀವಾಗಿಯೇ ಬಿಡುವುದು ಖಂಡಿತ ಬೇಡ.

ಬೆಳಗಿನ ಮೊದಲ ಮಲ ಒಳ್ಳೆಯದು. ಮೂತ್ರ ವಿಸರ್ಜನೆಯನ್ನು ಮೊದಲೇ ಮುಗಿಸಿ, ಶೌಚದ ಗುಂಡಿಯ ಮೇಲೆ ಒಣಗಿದ ಅಗಲವಾದ ಕಾಗದದ ತಟ್ಟೆಯನ್ನಿಟ್ಟು ಮಲವನ್ನು ಅದರಲ್ಲಿ ಹಿಡಿಯಿರಿ. ನೀರಾಗಲಿ ಫಿನಾಯಿಲ್ ಆಗಲಿ ತಾಗಬಾರದು. ಲ್ಯಾಬ್ ಕೊಟ್ಟ ಡಬ್ಬಿಯ ಮುಚ್ಚಳಕ್ಕೇ ಅಂಟಿಕೊಂಡಿರುವ ಪುಟ್ಟ ಚಮಚದಿಂದ ಎರಡು ಮೂರು ಕಡೆ ಕೆದಕಿ ಸ್ವಲ್ಪ ಸ್ವಲ್ಪ ತೆಗೆದು, ಡಬ್ಬಿಯನ್ನು ಪೂರ್ತಿ ತುಂಬದೆ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಹೆಸರು, ದಿನಾಂಕ, ಹೊತ್ತು ಬರೆಯಿರಿ. ನಾಚಿಕೆಯಿಂದ ಅವಸರಪಟ್ಟಾಗಲೇ ಈ ಹಂತ ಕೆಡುವುದು. ಮುಟ್ಟಿನ ದಿನಗಳಲ್ಲಿ ಮಾದರಿ ತೆಗೆಯಬೇಡಿ.

ಮುಳಬಾಗಿಲಿನಲ್ಲೋ ಶ್ರೀನಿವಾಸಪುರದಲ್ಲೋ ಕೊಟ್ಟ ಮಾದರಿ ಬೆಂಗಳೂರಿನವರೆಗೆ ಹೋಗಬೇಕಾಗಬಹುದು; ಯಾವ ದಿನ, ಎಷ್ಟು ಹೊತ್ತಿಗೆ ಕಳಿಸುತ್ತಾರೆ ಎಂದು ಲ್ಯಾಬ್‌ನವರನ್ನು ಮೊದಲೇ ವಿಚಾರಿಸಿ. ತಡವಾಗುವುದಾದರೆ ಡಬ್ಬಿಯನ್ನು ಎರಡು ಕವರುಗಳಲ್ಲಿ ಸುತ್ತಿ, ಊಟದ ಪದಾರ್ಥಗಳಿಂದ ದೂರವಾಗಿ ಫ್ರಿಜ್‌ನ ಕೆಳಗಿನ ಅರೆಯಲ್ಲಿಡಬಹುದು.

ಒಂದು ಗ್ರಾಂ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಉರಿಯೂತವಿಲ್ಲವೆಂದೂ, 250 ದಾಟಿದರೆ ಉರಿಯೂತ ಚುರುಕಾಗಿದೆಯೆಂದೂ ವೈದ್ಯರು ಎಣಿಸುತ್ತಾರೆ. ನಡುವಿನ ಅಂಕಿ ಬಂದರೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕಾಗಬಹುದು. ಸೋಂಕಿನ ಭೇದಿಯಲ್ಲೂ ಈ ಅಂಕಿ ಏರುವುದರಿಂದ, ವರದಿಯ ಜೊತೆಗೆ ಆ ವಾರ ನುಂಗಿದ ಎಲ್ಲ ಮಾತ್ರೆಗಳ ಪಟ್ಟಿಯನ್ನೂ, ಭೇದಿ ಶುರುವಾದ ದಿನವನ್ನೂ ಬರೆದುಕೊಂಡು ವೈದ್ಯರ ಬಳಿಗೆ ಹೋಗಿ.